ಮನವಿಯ ಕೊನೆಯ ಸಾಲು

ಬಂಗಾರಪೇಟೆಯ ಕಡೆ ಮನವಿ ಪತ್ರ ಬರೆದುಕೊಡುವವನು ನಗಲು ಬೇರೆಲ್ಲೂ ಹೋಗಬೇಕಿಲ್ಲ. ತಿಂಗಳಿಗೊಂದು ಪ್ರಸಂಗ ಮನೆ ಬಾಗಿಲಿಗೇ ಬರುತ್ತದೆ.

ನಾನು ಬೇತಮಂಗಲದ ರಸ್ತೆಯಲ್ಲಿರುವ ಸಣ್ಣ ಸರ್ಕಾರಿ ಶಾಲೆಯೊಂದರ ಮೇಷ್ಟ್ರು. ನನ್ನ ಹೆಂಡತಿಯೂ ಅಲ್ಲೇ ಪಾಠ ಮಾಡುತ್ತಿದ್ದಳು. ಇರುವುದು ಎರಡೇ ಕೋಣೆ. ಅವಳ ತರಗತಿ ಜಗುಲಿಯ ಮೇಲೆ. ಪಕ್ಕದ ಹೊಲದಲ್ಲಿ ಲೇಔಟ್ ಆದಾಗ ಅವಳು ಲೇಔಟ್ ಮಾಲೀಕರ ಸಂಘದ ಅಧ್ಯಕ್ಷರ ಬೆನ್ನು ಬಿದ್ದು, ನಕ್ಷೆಯ ಮೂಲೆಯ ಒಂದು ನಿವೇಶನದ ಮೇಲೆ ‘ಶಾಲೆಗೆ’ ಎಂದು ಬರೆಸಿದಳು. ಹೋದ ವರ್ಷ ತೀರಿಕೊಂಡಳು.

ತಿಥಿಯ ಊಟಕ್ಕೆ ಬಂದ ಅಧ್ಯಕ್ಷರು ನನ್ನ ಕೈ ಹಿಡಿದು, “ಮೇಷ್ಟ್ರೇ, ಇನ್ಮೇಲೆ ನಮ್ ಸಂಘದ ಮನವಿ ಎಲ್ಲಾ ನೀವೇ ಬರ್ಕೊಡಿ. ಎಲ್ಲದ್ರ ಕೊನೇಗೂ ಮೇಡಮ್ಮೋರ ಸ್ಕೂಲ್ ವಿಷ್ಯ ಆಕ್ಬಿಡಿ” ಎಂದರು. ಆ ಒಂದು ಸಾಲಿಗಾಗಿ ಬರೆಯತೊಡಗಿದೆ.

ಒಂದೇ ಫ್ಲೆಕ್ಸ್

ಚುನಾವಣೆ ಬಂತು. ಯಾರು ಗೆದ್ದರೂ ಲೇಔಟಿಗೆ ರಸ್ತೆ, ನೀರು ಬೇಕು. ಆದ್ದರಿಂದ ಸಂಘವು ಮೂವರು ಅಭ್ಯರ್ಥಿಗಳನ್ನೂ ಒಂದೇ ದಿನ, ಬೇರೆ ಬೇರೆ ಹೊತ್ತಿಗೆ ಕರೆಸಿ, ಮೂವರಿಗೂ ಸಂಪೂರ್ಣ ಬೆಂಬಲ ಘೋಷಿಸಿತು. ಸ್ವಾಗತ ಭಾಷಣ ಬರೆದವನು ನಾನು. “ತಮ್ಮಂಥ ನಾಯಕರು ಈ ಕ್ಷೇತ್ರದಲ್ಲಿ ಮತ್ತೊಬ್ಬರಿಲ್ಲ” ಎಂಬ ವಾಕ್ಯವನ್ನು ಅಧ್ಯಕ್ಷರು ಮೂರು ಸಲವೂ ಗದ್ಗದಿತರಾಗಿ ಓದಿದರು. ಫ್ಲೆಕ್ಸ್ ಮಾತ್ರ ಒಂದೇ. ಒಬ್ಬರು ಹೋದೊಡನೆ ಅವರ ಫೋಟೋದ ಮೇಲೆ ಮುಂದಿನವರ ಫೋಟೋ ಅಂಟಿಸುತ್ತಿದ್ದರು.

ಸಂಜೆ ಮೂರನೆಯವರು ಮಾತಾಡುವಾಗ ಗಾಳಿ ಬೀಸಿತು. ಅವರ ಮುಖ ಕಿತ್ತುಬಂದು ಜೋತುಬಿದ್ದು, ಅಡಿಯಿಂದ ಮಧ್ಯಾಹ್ನದವರು ಕೈಮುಗಿದು ನಕ್ಕರು. ಸಂಘದ ಕಾರ್ಯದರ್ಶಿ, ಕೆಜಿಎಫ್‌ನ ಸಿಮೆಂಟ್ ಅಂಗಡಿಯವರು, “ಅಯ್ಯಯ್ಯೋ, ಮಾನಂ ಪೋಚ್ಚು ಸಾರ್, ಮಾನ ಹೋಯ್ತು” ಎಂದು ಕಣ್ಣು ಮುಚ್ಚಿಕೊಂಡರು.

ಅಭ್ಯರ್ಥಿ ಹಿಂದಿರುಗಿ ನೋಡಿ, “ಇರ್ಲಿ ಬಿಡ್ರಪ್ಪಾ, ನಮ್ ಭಾವಾನೇ. ಯಾರ್ ಗೆದ್ರೂ ನಿಮ್ ಮನವಿ ಬರೋದು ನಮ್ ಮನೇಗೇ” ಎಂದರು.

ಎಂಟು ಜನ ಕೊಟ್ಟದ್ದು

ಹೊಸ ಸರ್ಕಾರದ ಮಂತ್ರಿಗಳನ್ನು ಕಾಣಲು ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಒಂಬತ್ತು ಜನ, ಒಂದು ಮನವಿ. ನಾಲ್ಕು ಗಂಟೆ ಕಾದ ಮೇಲೆ ಒಳಗೆ ಬಿಟ್ಟರು. ಅಧ್ಯಕ್ಷರು ಮನವಿ ಕೊಟ್ಟರು, ಫೋಟೋ ಆಯಿತು. “ಸಾರ್, ನಾನು ಕೊಟ್ಟಂಗೆ ಒಂದು” ಎಂದರು ಕಾರ್ಯದರ್ಶಿ. ಮಂತ್ರಿಗಳು ಮನವಿಯನ್ನು ವಾಪಸು ಕೊಟ್ಟರು. ಕಾರ್ಯದರ್ಶಿ ಮತ್ತೆ ಕೊಟ್ಟರು. ಹೀಗೆ ಎಂಟು ಜನ ಕೊಟ್ಟರು. ಎಂಟು ಸಲವೂ ಮಂತ್ರಿಗಳು ಅದೇ ನಗುವಿನಿಂದ ತೆಗೆದುಕೊಂಡರು. ಒಂಬತ್ತನೆಯವನಾದ ನಾನು ಕೊಡಲಿಲ್ಲ. ಫೋಟೋ ತೆಗೆಯುತ್ತಿದ್ದವನು ನಾನೇ.

ವಾಪಸು ಬರುವಾಗ ರೈಲು ವೈಟ್‌ಫೀಲ್ಡ್ ದಾಟಿತ್ತು. ಚಿತ್ರಾನ್ನದ ಪೊಟ್ಟಣಕ್ಕೆಂದು ಅಧ್ಯಕ್ಷರು ಚೀಲ ತೆರೆದರು. ಮೇಲೆಯೇ ಮನವಿ ಇತ್ತು.

“ಇದನ್ನು ಕೊಡಲೇ ಇಲ್ಲವಲ್ಲ?” ಎಂದೆ.

ಅಧ್ಯಕ್ಷರು ನನ್ನನ್ನು ಪಾಪ ಎನ್ನುವಂತೆ ನೋಡಿದರು. “ಪೇಪರ್ನಾಗೆ ಫೋಟೋ ಬತ್ತದಲ್ಲ ಮೇಷ್ಟ್ರೇ. ಎಂಟ್ ಸಲ ಕೊಟ್ಟಂಗಾತದೆ. ಸುಮ್ನೆ ಊಟ ಮಾಡಿ.”

ಮರುದಿನ ನಾನೇ ಅದನ್ನು ಅಂಚೆಯಲ್ಲಿ ಕಳಿಸಿದೆ. ಕೊಟ್ಟವರು ಎಂಟು ಜನ, ತಲುಪಿಸಿದ್ದು ಅಂಚೆಯವನು.

ಕೆಲಸವಾಯಿತು

ಆ ಮನವಿಯಲ್ಲಿ ಆರು ಕೋರಿಕೆಗಳಿದ್ದವು. ರಸ್ತೆ, ನೀರು, ಚರಂಡಿ ಇತ್ಯಾದಿ ಐದರ ಬಗ್ಗೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಆರನೆಯದು ನನ್ನ ಸಾಲು: ‘ಶಾಲೆಗೆಂದು ಗುರುತಿಸಿರುವ ನಿವೇಶನವು ಇಂದಿಗೂ ಖಾಲಿ ಬಿದ್ದಿರುತ್ತದೆ. ತಾವು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.’

ಅದರ ಮೇಲೆ ಕೂಡಲೇ ಕ್ರಮವಾಯಿತು. ಖಾಲಿ ಬಿದ್ದಿರುವ ನಿವೇಶನವನ್ನು ಸಮುದಾಯ ಭವನ ಕಟ್ಟಲು ಸಂಘಕ್ಕೇ ಕೊಟ್ಟರು.

ಅಧ್ಯಕ್ಷರು ಮೈಸೂರ್ ಪಾಕ್ ಡಬ್ಬಿ ಹಿಡಿದು ಮನೆಗೆ ಬಂದರು. “ನಾವೇನೂ ಕೇಳ್ಲಿಲ್ಲ ಮೇಷ್ಟ್ರೇ, ದೇವ್ರಾಣೆ. ಆಫೀಸ್ನೋರೇ ಕೇಳಿದ್ರು, ಏನಾನಾ ಕಟ್ತೀರೇನ್ರೀ ಅಂತ. ಊ ಅಂದ್ವಿ. ಏನ್ ಬರ್ದಿದ್ದೀರಿ ನೀವು! ಇಷ್ಟ್ ವರ್ಷದಾಗೆ ನಮ್ ಸಂಘಕ್ಕಾಗಿರೋ ಕೆಲ್ಸ ಇದೊಂದೇ.”

ಗೋಡೆಯ ಮೇಲಿದ್ದ ಅವಳ ಫೋಟೋಗೆ ಕೈ ಮುಗಿದು, ಒಂದು ಚೂರು ಮೈಸೂರ್ ಪಾಕನ್ನು ಅದರ ಮುಂದಿಟ್ಟರು. ಆಮೇಲೆ ಮಂತ್ರಿಗಳಿಗೆ ಒಂದು ಅಭಿನಂದನಾ ಪತ್ರ ಬೇಕು ಎಂದರು.

ಬರೆದುಕೊಟ್ಟೆ. ಕೊನೆಯ ಸಾಲು ಇಲ್ಲದೆ ಬರೆದ ಮೊದಲ ಪತ್ರ ಅದು. ಅಧ್ಯಕ್ಷರಿಗೆ ಅದು ಗೊತ್ತಾಗಲೇ ಇಲ್ಲ.

ಹಾಜರಿ

ಭವನದ ಶಂಕುಸ್ಥಾಪನೆಗೆ ಮಂತ್ರಿಗಳೇ ಬರುವುದೆಂದಾಯಿತು. ಪೆಂಡಾಲಿಗೆ ಮುನ್ನೂರು ಕುರ್ಚಿ ತರಿಸಿದರು. ಕೂರಲು ಜನ ಸಾಲದು ಎಂದು ಹಿಂದಿನ ದಿನ ಗೊತ್ತಾಯಿತು. ಅಧ್ಯಕ್ಷರು ಶಾಲೆಗೇ ಬಂದರು.

“ಮಕ್ಳನ್ನ ಕರ್ಕಂಬನ್ನಿ ಮೇಷ್ಟ್ರೇ. ಮುಂದಿನ್ ಸಾಲ್ನಾಗೆ ಕೂರ್ಸಾಣ. ಆ ಜಾಗದಾಗೆ ಮಕ್ಳು ಕೂರ್ಬೇಕು ಅಂತ ಮೇಡಮ್ಮೋರಿಗೆ ಎಷ್ಟ್ ಆಸೆ ಇತ್ತು, ಪಾಪ!”

ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಇಲ್ಲ ಎನ್ನಲಾಗಲಿಲ್ಲ.

ಕೆಲಸದ ದಿನವಾದ್ದರಿಂದ ಹಾಜರಿ ಪುಸ್ತಕವನ್ನೂ ಒಯ್ದೆ. ಮಕ್ಕಳು ಎರಡು ಸಾಲಾಗಿ ಕೂತರು. ಮೂರನೇ ತರಗತಿಯ ಹುಡುಗಿಯೊಬ್ಬಳು ಸುತ್ತ ನೋಡಿ, “ಸಾರ್, ಮಿಸ್ಸು ಏಳ್ತಿದ್ದ ಹೊಸ ಸ್ಕೂಲ್ ಇದೇನಾ?” ಎಂದು ಕೇಳಿದಳು.

“ಊಂ,” ಎಂದೆ, “ಊಟದ ಹೊತ್ತಿನವರೆಗೆ.”

ಹತ್ತಕ್ಕೆ ಬರಬೇಕಾದ ಮಂತ್ರಿಗಳಿಗಾಗಿ ಕಾದೆವು. ಹನ್ನೊಂದಾಯಿತು, ಹನ್ನೆರಡಾಯಿತು. ಮಕ್ಕಳು ಸುಮ್ಮನೆ ಕೂರಲಿ ಎಂದು ಮಗ್ಗಿ ಹೇಳಿಸಿದೆ. ಮೈಕು ಆನ್ ಆಗಿದ್ದದ್ದು ತಿಳಿದಿರಲಿಲ್ಲ. ಹದಿಮೂರರ ಮಗ್ಗಿ ಲೇಔಟಿಗೆಲ್ಲ ಕೇಳಿತು. ಒಂದು ಗಂಟೆಗೆ ಫೋನ್ ಬಂತು: ಮಂತ್ರಿಗಳು ಬರುವುದಿಲ್ಲ.

ನಾನು ಪುಸ್ತಕ ತೆರೆದು ಹೆಸರು ಕರೆದೆ. ಒಬ್ಬೊಬ್ಬರೂ ಎದ್ದು “ಹಾಜರ್ ಸಾರ್” ಎಂದರು. ಮೂವತ್ತೊಂದು ಮಕ್ಕಳಲ್ಲಿ ಮೂವತ್ತೊಂದೂ ಹಾಜರು.

ಗೈರುಹಾಜರಾದವರು ಇಬ್ಬರು. ಒಬ್ಬರು ಮಂತ್ರಿಗಳು.