ಮೂರನೇ ಲಿವರ್

ಕೀಲಿಯಪ್ಪನ ಗ್ರಹಚಾರ ಶುರುವಾದದ್ದು ಅವನ ಅಂಗಡಿಯ ಬೋರ್ಡಿನಿಂದ. ‘ನಾವು ತೆಗೆಯದ ಬೀಗ ಇನ್ನೂ ಹುಟ್ಟಿಲ್ಲ’ ಎಂದು ಹದಿನೆಂಟು ವರ್ಷದ ಹಿಂದೆ ಬರೆಸಿ ತೂಗುಹಾಕಿದ್ದ. ಬೀಗ ರಿಪೇರಿಯವನಿಗೆ ಅಷ್ಟು ಜಂಭ ಇರಬಾರದೆಂದೇನಿಲ್ಲ. ಆದರೆ ಅಂಥ ಬೋರ್ಡು ಇಟ್ಟುಕೊಂಡವನು ಹೆಂಡತಿಯ ಅಣ್ಣನ ಜೊತೆ ಊಟಕ್ಕೆ ಹೋಗಬಾರದು.

ಹೋಟೆಲು ಹೊಸದು. ಹೆಸರಿಗಷ್ಟೇ ಹೊಸದು, ಒಳಗಿದ್ದದ್ದೆಲ್ಲ ಹಳೇದು. ಸೂರಿಗೆ ಸೈಕಲ್ ನೇತುಹಾಕಿದ್ದರು, ಹೊಲಿಗೆ ಮಿಷನ್ನುಗಳಿಗೆ ಹಲಗೆ ಬಡಿದು ಮೇಜು ಮಾಡಿದ್ದರು, ಕೈ ತೊಳೆಯುವ ಕಡೆ ಒಂದು ಟೈಪ್‌ರೈಟರು. ಅಜ್ಜಿಯ ಅಟ್ಟವನ್ನು ತಲೆಕೆಳಗು ಮಾಡಿ ಕೊಡವಿದಂತಿತ್ತು. ಹೆಂಡತಿ ಮೇಜಿನಡಿಯ ಪೆಡಲ್ ತುಳಿಯುತ್ತ ಖುಷಿಯಾಗಿ ಕೂತಳು. ಕೀಲಿಯಪ್ಪನ ಕಣ್ಣು ಮಾತ್ರ ಗೋಡೆಯಲ್ಲಿ ಹುದುಗಿಸಿದ್ದ ಆಳೆತ್ತರದ ಕಬ್ಬಿಣದ ತಿಜೋರಿಗೆ ಅಂಟಿಕೊಂಡಿತು. ‘ಇದನ್ನು ಯಾರೂ ತೆರೆದಿಲ್ಲ. ಒಳಗೇನಿದೆಯೋ ನಮಗೂ ಗೊತ್ತಿಲ್ಲ’ ಎಂದು ಅದರ ಮೇಲೊಂದು ಚೀಟಿ.

“ರೀ, ಮೆನು ನೋಡ್ರಿ. ಅದನ್ನಲ್ಲ,” ಎಂದಳು ಹೆಂಡತಿ.

“ಸುಮ್ನೆ ನೋಡ್ತಿದೀನಿ ಕಣೇ. ಒಳಗೇನಿರಬಹುದು ಅಂತ.”

“ನೋಡೋದಷ್ಟೇ ಅವನ ಕೈಲಾಗೋದು ಬಿಡು,” ಎಂದು ಭಾವ ಶುರುಮಾಡಿದ. “ಸೂಟ್‌ಕೇಸಿನ ಬೀಗ ಬೇರೆ, ತಿಜೋರಿ ಬೇರೆ.”

ಕೀಲಿಯಪ್ಪನ ಕಿವಿ ಕೆಂಪಾಯಿತು. “ತೆಗೆದ್ರೆ?”

“ತೆಗೆದ್ರೆ ಇನ್ಮೇಲೆ ನಿನ್ನ ಕಸುಬಿನ ಬಗ್ಗೆ ತುಟಿ ಬಿಚ್ಚಲ್ಲ. ತೆಗೀಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಆ ಬೋರ್ಡು ಇಳಿಸ್ಬೇಕು.”

ಮಾತು ಪಕ್ಕದ ಮೇಜಿಗೆ ಬಿತ್ತು, ಅಲ್ಲಿಂದ ಅದರ ಪಕ್ಕದ್ದಕ್ಕೆ. ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಎದ್ದು ಬಂದರು. ಹೋಟೆಲಿನ ಯಜಮಾನ ಓಡಿಬಂದು, “ಬೇಡಿ ಸಾರ್, ಹಳೇ ಸಾಮಾನು,” ಎಂದು ಕೈಮುಗಿದ. ಅವನ ಗಾಬರಿ ನೋಡಿದ ಮೇಲಂತೂ ಒಳಗೆ ಚಿನ್ನವೇ ಇದೆಯೆಂದು ಎಲ್ಲರಿಗೂ ಖಾತ್ರಿಯಾಯಿತು.

ಕೀಲಿಯಪ್ಪ ಜೇಬಿನಿಂದ ಎರಡು ತಂತಿ ತೆಗೆದು ಕೀಲಿಕಿಂಡಿಗೆ ತೂರಿಸಿದ. ಏನೂ ತಾಕಲಿಲ್ಲ. ಒಳ್ಳೇ ಬೀಗ ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಎಂದುಕೊಂಡು ಬಾಗಿಲಿಗೆ ಕಿವಿಯಾನಿಸಿ ಬೆರಳಿನಿಂದ ಬಡಿದ. ಒಳಗೆ ‘ಟಕ್’ ಎಂದಿತು.

“ಕೇಳಿಸ್ತಾ? ಬೀಗದೊಳಗೆ ಪಟ್ಟಿಗಳಿರ್ತವೆ, ಲಿವರ್ ಅಂತೀವಿ. ಒಂದೊಂದಾಗಿ ಬೀಳ್ಬೇಕು. ಇದು ಮೊದಲ್ನೇದು!”

“ನಮ್ಮಲ್ಲೂ ಹೀಗೇ, ಸದ್ದಲ್ಲೇ ಗೊತ್ತಾಗತ್ತೆ,” ಎಂದರು ಒಬ್ಬ ಹಲ್ಲಿನ ಡಾಕ್ಟರು. ಅಷ್ಟಕ್ಕೇ ಬಿಡದೆ, ಎಣ್ಣೆ ಬಿಟ್ಟರೆ ಸಲೀಸಾದೀತೆಂದು ಪಲ್ಯದ ಎಣ್ಣೆಯನ್ನೇ ಚಮಚದಲ್ಲಿ ಬಸಿದು ತಂದರು. ಅದು ಕಿಂಡಿಗೆ ಹೋಗದೆ ಕೀಲಿಯಪ್ಪನ ಬಿಳಿ ಅಂಗಿಯ ತೋಳಿಗಿಳಿಯಿತು.

‘ಟಕ್.’ “ಎರಡನೇದು!” ಜನ ಚಪ್ಪಾಳೆ ತಟ್ಟಿದರು. ಆಮೇಲೆ ಒಂದೇ ಸಮನೆ ಟಕಟಕಟಕ. “ಮೂರನೇದು ಹಠಮಾರಿ. ಕುಣೀತಿದೆ, ಬೀಳ್ತಿಲ್ಲ. ಇಂಥಾ ಬೀಗ ನನ್ನ ಜನ್ಮದಲ್ಲೇ ನೋಡಿಲ್ಲ!”

ಮುಕ್ಕಾಲು ಗಂಟೆ ಕಳೆಯಿತು. ಹೆಂಡತಿ ಒಬ್ಬಳೇ ಉಂಡು ಮುಗಿಸಿ, ಬಂದು ಅವನ ಬೆನ್ನ ಹಿಂದೆ ನಿಂತಳು. ಕೀಲಿಯಪ್ಪ ರೋಸಿಹೋಗಿ ಮುಷ್ಟಿಯಿಂದಲೇ ಗುದ್ದಿದ. ಬಾಗಿಲು ಬೆರಳಗಲ ತೆರೆಯಿತು.

ಬಾಗಿಲಿಗೆ ಅಂಟಿಕೊಂಡೇ ಇದ್ದ ಅವನಿಗೆ ಮಾತ್ರ ಆ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಕಣ್ಣಿನ ಕೆಳಗೆ ಅರ್ಧ ಮೀಸೆ, ಅದರ ಕೆಳಗೆ ಚಾಕು, ಚಾಕುವಿನ ಕೆಳಗೆ ಮಣೆಯ ತುಂಬ ಹೆಚ್ಚಿದ ಈರುಳ್ಳಿ.

“ಯಾರ್ರೀ ಅದು, ಆಗ್ಲಿಂದ ಬಡೀತಿರೋದು?” ಎಂದು ಅಡುಗೆಯವನು ಪಿಸುಗುಟ್ಟಿದ. “ಇದಕ್ಕೆ ಬೀಗಾನೇ ಇಲ್ಲ, ಒಳಗಡೆಯಿಂದ ಚಿಲಕ ಅಷ್ಟೇ. ಹಿಂಭಾಗ ಕತ್ತರಿಸಿ ಅಡುಗೆಮನೆಗೆ ಸೇರಿಸ್ಕೊಂಡಿದೀವಿ. ಯಾರಿಗೂ ಹೇಳ್ಬೇಡಿ, ಯಜಮಾನ್ರು ನನ್ನ ಚರ್ಮ ಸುಲೀತಾರೆ.”

ಕೀಲಿಯಪ್ಪ ಲೆಕ್ಕ ಹಾಕಿದ. ಬಾಗಿಲು ಎಳೆದರೆ ಗೆದ್ದಂತೆ, ಬೋರ್ಡು ಉಳಿಯುತ್ತದೆ. ಆದರೆ ಇಲ್ಲದ ಬೀಗದ ಲಿವರುಗಳನ್ನು ಊರ ಮುಂದೆ ಎಣಿಸಿ ಹೇಳಿದವನು, ಈರುಳ್ಳಿ ಹೆಚ್ಚುವ ಸದ್ದಿಗೆ ಮುಕ್ಕಾಲು ಗಂಟೆ ಕಿವಿಗೊಟ್ಟವನು ಎಂದು ಭಾವ ಸಾಯುವ ತನಕ ಸಾರಿಕೊಂಡು ತಿರುಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಅವನು ಮೆಲ್ಲಗೆ ಭುಜಕೊಟ್ಟು ಬಾಗಿಲನ್ನು ಒತ್ತಿದ. ಒಳಗಡೆ ಚಿಲಕ ಬಿತ್ತು.

“ನನ್ ಕೈಲಾಗಲ್ಲ,” ಎಂದು ಎದ್ದು ನಿಂತ. ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು.

ಭಾವನ ಮನಸ್ಸೂ ಕರಗಿತು. “ಅಯ್ಯೋ, ಅಳ್ಬೇಡಪ್ಪಾ. ನಾಳೆ ನಾನೇ ಬಂದು ಬೋರ್ಡು ಇಳಿಸ್ಕೊಡ್ತೀನಿ.” ಯಜಮಾನ ಆಗಲೇ ಹೊಸ ಚೀಟಿ ಬರೆಯುತ್ತಿದ್ದ: ‘ಊರಿನ ಅತಿ ದೊಡ್ಡ ಬೀಗದವರ ಕೈಲೂ ಆಗಲಿಲ್ಲ.’

ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ತನ್ನ ದುಃಖ ಅವಳಿಗೂ ತಾಗಿದೆಯೆಂದು ಕೀಲಿಯಪ್ಪನಿಗೆ ತುಸು ಸಮಾಧಾನವೇ ಆಯಿತು. ಮನೆ ಮುಟ್ಟಿದ ಮೇಲೆ ಅವಳು ಬಾಗಿಲು ತೆರೆದು ಅವನನ್ನೊಮ್ಮೆ ಮೂಸಿ ನೋಡಿದಳು.

“ರೀ, ಇಪ್ಪತ್ತು ವರ್ಷದಿಂದ ದಿನಾ ಹೆಚ್ತಿದೀನಿ. ಆ ಸದ್ದು ನಂಗೆ ಗೊತ್ತಾಗಲ್ವಾ? ಅಣ್ಣನಿಗೆ ಹೇಳ್ಬಾರ್ದು ಅಂದ್ರೆ, ನಾಳೆಯಿಂದ ಮೂರನೇ ಲಿವರ್ ನೀವೇ ಹೆಚ್ಚಿ.”