ಹೊಡೆದುಹಾಕಿದ್ದೆಲ್ಲ ಸರಿ

ನನ್ನ ಸಂಶೋಧನೆಯಿಂದ ಯಾರಿಗಾದರೂ ಆಘಾತವಾಗುತ್ತಲೇ ಇರುತ್ತದೆ, ಹೆಚ್ಚಾಗಿ ನನಗೇ. ಪ್ರಬಂಧ ಬಿಟ್ಟು ಬೇರೇನಾದರೂ ನಾನು ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ವಾಕ್ಯ ಹೇಗೆ ಕೂಡಿಕೊಳ್ಳುತ್ತದೆ ಎಂದು ಅಮೂರ್ತ ಬೀಜಗಣಿತದಿಂದ ತೋರಿಸುವುದು ನನ್ನ ಕೆಲಸ. ಅಮೂರ್ತ ಅಂದರೆ ಅಂಕಿಗಳಿಲ್ಲ, ನಿಯಮಗಳಷ್ಟೇ. ‘ಅಕ್ಕ ದೋಸೆ ತಿಂದಳು’ ಎಂದುಕೊಳ್ಳಿ. ‘ತಿಂದಳು’ ಎಂಬ ಪದ ಯಾರು, ಏನನ್ನು ಎಂದು ಕಾಯುತ್ತಿರುತ್ತದೆ. ದೋಸೆ ಸಿಕ್ಕಿತು, ಅಕ್ಕನೂ ಸಿಕ್ಕಳು, ಲೆಕ್ಕ ಚುಕ್ತಾ. ಎರಡರಲ್ಲಿ ಎರಡು ಕಳೆದ ಹಾಗೆ. ಹೊಂದಿದ ಪದಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತೇನೆ. ಕೊನೆಗೆ ‘ವಾ’ ಎಂಬ ಗುರುತೊಂದೇ ಉಳಿದರೆ ವಾಕ್ಯ ಸರಿ. ‘ವಾ’ ಅಂದರೆ ವಾಕ್ಯ. ಇದನ್ನು ಹೇಳಬೇಕಿರಲಿಲ್ಲವೇನೋ.

ಇನ್ನೊಂದು ಮಾತು. ವಿಶ್ವವಿದ್ಯಾಲಯದ ಪರೀಕ್ಷಾ ಸಮಿತಿ ಈ ಸಲ ಪ್ರಬಂಧ ಒಪ್ಪದಿದ್ದರೆ ನನ್ನ ಪಿಎಚ್‌.ಡಿ. ನೋಂದಣಿಯೇ ರದ್ದಾಗುವುದರಲ್ಲಿತ್ತು.

೧. ಅಮ್ಮ

ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ಒಂದು ಬೆಳಗ್ಗೆ ನನ್ನ ಹಸ್ತಪ್ರತಿ ತೆರೆದವರು ಹಾಗೇ ಕುರ್ಚಿಯಲ್ಲಿ ಕುಸಿದರು.

“ಏನೇ ಇದು? ಒಂದು ವಾಕ್ಯನೂ ಸರಿಯಾಗಿ ಬರೆದಿಲ್ವಾ?”

“ಹೊಡೆದುಹಾಕಿರೋದೆಲ್ಲ ಸರಿ ಕಣಮ್ಮ.”

“ತಪ್ಪಿದ್ರೆ?”

“ಹಾಗೇ ಬಿಡ್ತೀವಿ.”

ಅಮ್ಮ ಹಸ್ತಪ್ರತಿ ಮುಚ್ಚಿಟ್ಟರು. “ಹಾಗಾದ್ರೆ ನಾನು ಫೇಲ್ ಮಾಡಿದ ಮಕ್ಕಳೆಲ್ಲ ಪಾಸೇನೆ?”

೨. ಟೈಪಿಂಗ್ ಅಂಗಡಿ

ನಜರ್‌ಬಾದಿನ ಅಂಗಡಿಯೊಂದರಲ್ಲಿ ಆ ಹಸ್ತಪ್ರತಿಯನ್ನು ಟೈಪ್ ಮಾಡಲು ಕೊಟ್ಟೆ. ಅಂಗಡಿಯವರು ಬಹಳ ಉಪಕಾರಿ. ಬೈಂಡ್ ಮಾಡಿಸಿ, ಸಮಿತಿಯವರ ಮನೆಗಳಿಗೆ ತಾವೇ ತಲುಪಿಸಿಬಿಟ್ಟಿದ್ದರು. ನನ್ನ ಪ್ರತಿ ತೆಗೆದುಕೊಳ್ಳಲು ಹೋದಾಗ ಅದು ತೆಳ್ಳಗಿತ್ತು. ತೆರೆದೆ. ‘ಉದಾಹರಣೆ’ ಎಂದಿತ್ತು, ಕೆಳಗೆ ‘ವಾ’. ಮತ್ತೆ ‘ಉದಾಹರಣೆ’, ಮತ್ತೆ ‘ವಾ’. ಪುಸ್ತಕದುದ್ದಕ್ಕೂ ಹೀಗೇ. ಒಂದು ವಾಕ್ಯವೂ ಇಲ್ಲ.

“ಉದಾಹರಣೆಗಳೆಲ್ಲಿ?” ಎಂದೆ.

“ನೀವು ಹೊಡೆದಾಕಿದ್ರಲ್ಲ ಮೇಡಂ, ಎಲ್ಲಾ ತೆಗೆದ್ಬುಟ್ಟೆ. ಬೇಜಾನ್ ತಪ್ಪು ಮಾಡಿದ್ರಿ ಕಣ್ರೀ. ಯಾರ್ಗೂ ಹೇಳಲ್ಲ ಬುಡಿ.”

೩. ಸಮಿತಿ

ಸಭೆ ಮಾರನೆಯ ದಿನವೇ. ಹೊಸದಾಗಿ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಕ್ಷಮೆ ಕೇಳುವುದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಅಧ್ಯಕ್ಷರ ಮುಂದೆ ಅದೇ ತೆಳ್ಳನೆಯ ಪ್ರತಿ ಇತ್ತು.

“ಸಾರ್, ಒಂದು ವಿಷಯ...” ಎಂದು ಬಾಯಿ ತೆರೆದೆ.

ಅವರು ಕೈ ತೋರಿಸಿ ತಡೆದರು. “ಇರಮ್ಮ. ಮೊದಲ ಪುಟದಿಂದ ಕೊನೆಯವರೆಗೂ ಕೂತು ಓದಿದ್ದೀನಿ. ನಾವೆಲ್ಲ ಒಪ್ಪಿದ್ದೀವಿ. ಒಂದೇ ಒಂದು ಸಲಹೆ.”

ಬರೆದುಕೊಳ್ಳಲು ಪೆನ್ನು ತೆಗೆದೆ.

“ಉದಾಹರಣೆಗಳು ಸ್ವಲ್ಪ ಅತಿಯಾದವು. ಕಡಿಮೆ ಮಾಡಿ.”