ಮೂರು ಎಣಿಸಲು ಬಾರದ ಮಾಮಾ

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಇಂಡಿ ಊರಿನಲ್ಲಿ ಕರೆಂಟಿನ ವೈರ್‌ಮನ್ ಆಗಿದ್ದ. ಆದರೆ ಅವನಿಗೆ ಮೂರರ ತನಕ ಎಣಿಸಲು ಬರುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಅವನ ಕಣ್ಣಿಗೆ ಮನುಷ್ಯರು ಬೀಳುತ್ತಿರಲಿಲ್ಲ, ತಂತಿ ಬೀಳುತ್ತಿತ್ತು. ಹೆಣ್ಣು ನೋಡಲು ಸಿಂದಗಿಗೆ ಹೋದವನು ಹುಡುಗಿಯನ್ನು ಬಿಟ್ಟು ಜಂತಿಗೆ ಹೊಡೆದ ತಂತಿ ನೋಡುತ್ತ ಕೂತ. "ಹೆಂಗದಾಳೋ?" ಎಂದು ಅವ್ವ ಕೇಳಿದರೆ, "ಭಾಳ ತೆಳು ತಂತಿ ಅಕ್ಕಾ. ಇನ್ನೊಂದು ದೀಪ ಹಾಕಿದ್ರ ಸುಡತೈತಿ" ಎಂದ. ಆ ಮನೆಯವರು ಹೆಣ್ಣು ಕೊಡಲಿಲ್ಲ. ತಂತಿ ಮಾತ್ರ ಅವನ ಕೈಯಿಂದಲೇ ಬದಲಿ ಮಾಡಿಸಿಕೊಂಡರು!

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ, ಇಬ್ಬರು ಕಾಕಾಗಳು ಮನೆಯನ್ನು ಮೂರು ಪಾಲು ಮಾಡಿಕೊಂಡಿದ್ದರು. ಹಿತ್ತಲ ಖೋಲಿಯಲ್ಲಿದ್ದ ಅವ್ವ ಮತ್ತು ನಾನು ಯಾವ ಪಾಲಿಗೂ ಸೇರಿರಲಿಲ್ಲ. ಯಾವಾಗ ಖಾಲಿ ಮಾಡು ಅನ್ನುತ್ತಾರೋ ಎಂದು ಅವ್ವ ಅರಿವೆಯ ಗಂಟನ್ನೇ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಓಣಿಗೆ ಕರೆಂಟು ಬಂತು.

ಕಂಬದಿಂದ ಮನೆಗೆ ಎಳೆಯಲು ಮಾಮಾ ತಂದ ತಂತಿ ನೋಡಿ ದೊಡ್ಡಪ್ಪ ಹುಬ್ಬೇರಿಸಿದ.

"ಏನಪಾ ಇದು, ಎತ್ತು ಕಟ್ಟೂ ಹಗ್ಗದಂಗ ಐತಿ?"

"ಒಳಗಿನ ಬೋರ್ಡು ತಂತಮ್ಮ ಭಾರ ಹೊರತಾವ್ರಿ ಅಣ್ಣಾರ. ಇದು ನಾಕೂ ಬೋರ್ಡಿನ ಭಾರ ಹೊರಬೇಕು."

"ಮೂರೋ ತಮ್ಮಾ."

"ಹೌದ್ರಿ, ನಾಕು."

ಕಾಕಾಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಫ್ಯೂಸು ಕೂರಿಸುವಾಗ ನಗು ನಿಂತಿತು. ಸಣ್ಣ ಕಾಕಾ ದರ್ಜಿ. ಕರೆಂಟಿನ ಇಸ್ತ್ರಿ ತರುವವನೆಂದು ಅವನಿಗೆ ದೊಡ್ಡ ಫ್ಯೂಸು. ಎರಡೇ ದೀಪದ ದೊಡ್ಡಪ್ಪನಿಗೆ ಸಣ್ಣದು.

"ಹಿರ್ಯಾಂವ ನಾನು. ತಮ್ಮಗಿಂತ ನನ್ನ ಫ್ಯೂಸ್ ಸಣ್ಣದಂದ್ರ ಓಣ್ಯಾಗ ಹೆಂಗ ತಿರಗಾಡ್ಲಿ?"

ಫ್ಯೂಸಿನೊಳಗಿನ ಎಳೆ ದಪ್ಪವಾದರೆ ಅದು ಕರಗುವ ಮೊದಲು ಮನೆಯ ತಂತಿಯೇ ಸುಡುತ್ತದೆ. ಇದನ್ನು ಹಿರಿಯರಿಗೆ ಹೇಳುವವರು ಯಾರು? ಮಾಮಾ ಎಲ್ಲಕ್ಕಿಂತ ದೊಡ್ಡ ಪಿಂಗಾಣಿ ಫ್ಯೂಸು ತಂದು, ಒಳಗೆ ಕೂದಲಿನಂಥ ಎಳೆ ಕಟ್ಟಿ ಕೊಟ್ಟ. ದೊಡ್ಡಪ್ಪ ಅದನ್ನು ದಿನಾ ಧೋತರದ ಚುಂಗಿನಿಂದ ಒರೆಸುತ್ತಿದ್ದ.

ದೀಪ ಹಚ್ಚುವ ಸಂಜೆ ಮೂರೂ ಪಾಲು ಬೆಳಗಿದವು. ಮಾಮಾ ಹಿತ್ತಲಿಗೆ ನಡೆದು ನಮ್ಮ ಖೋಲಿಯ ಗುಂಡಿ ಒತ್ತಿದ. ಅವನು ಅಲ್ಲಿ ಬೋರ್ಡು ಹೊಡೆದದ್ದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅತ್ತ ಯಾರೂ ಬರುತ್ತಲೇ ಇರಲಿಲ್ಲವಲ್ಲ.

"ಇಲ್ಲಿಗ್ಯಾರು ಹಾಕಂದ್ರು?" ದೊಡ್ಡಪ್ಪ ಬಾಗಿಲಿಗೆ ಬಂದ.

"ಮೊದಲ ಹೇಳಿದ್ನಲ್ರಿ ಅಣ್ಣಾರ, ನಾಕು ಅಂತ. ನೀವು ನಕ್ರಿ."

ದೊಡ್ಡಪ್ಪ ದೀಪ ನೋಡಿದ, ಅದರಡಿ ನಿಂತ ಅವ್ವನನ್ನು ನೋಡಿದ. "ಇರ್ಲಿ. ಹಾಕಿದ ದೀಪ ತಗೀಬಾರದು" ಎಂದು ಹೊರಟುಹೋದ.

ಸಾಲಿಯ ಮೆಟ್ಟಿಲು ಹತ್ತದ ನಾನು ಮೀಸೆ ಬಂದ ಮೇಲೆ ಅಕ್ಷರ ಕಲಿತದ್ದು ಆ ದೀಪದಡಿಯೇ. ಆದರೆ ಅಂದು ಮೊದಲು ಅವ್ವ ಗಂಟು ಬಿಚ್ಚಿದಳು. ಅಪ್ಪನ ರುಮಾಲು ತೆಗೆದು, ಬೋರ್ಡಿನ ಪಕ್ಕದ ಮೊಳೆಗೆ ತೂಗುಹಾಕಿದಳು.